ಭಾವನಿಗೇ ಅಂತ ಬಿದ್ದ ವೋಟು

೧

ಶಾಸಕರ ಬಗ್ಗೆ ಬರೆಯುವಾಗ ಹೆಸರಿನಿಂದ ಆರಂಭಿಸುವುದು ವಾಡಿಕೆ. ನಾನೂ ಹಾಗೇ ಆರಂಭಿಸಿದೆ. ಹೆಸರು ಬರೆದ ಕೂಡಲೇ ಇಬ್ಬರು ತಿರುಗಿ ನೋಡಿದರು. ಅಳಿಸಿಬಿಟ್ಟೆ.

(ಓದುಗರೇ, ಗಾಬರಿ ಬೇಡ. ಈ ಕ್ಷೇತ್ರದಲ್ಲಿ ಆ ಹೆಸರಿನವರು ಇಬ್ಬರಿದ್ದಾರೆ, ಇನಿಷಿಯಲ್ ಸಮೇತ. ಒಬ್ಬರು ವಕೀಲರು. ಇನ್ನೊಬ್ಬರು ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆಯುವ ಸ್ಟುಡಿಯೋದವರು; ಅವರೇ ಈಗಿನ ಶಾಸಕರು, ನನ್ನ ಅಕ್ಕನ ಗಂಡ. ಆದ್ದರಿಂದ ಇಲ್ಲಿ ಒಬ್ಬರು ವಕೀಲರು, ಒಬ್ಬರು ಭಾವ. ಇಷ್ಟು ನೆನಪಿಟ್ಟುಕೊಂಡರೆ ಸಾಕು. ಮತದಾರರಿಗೆ ಇಷ್ಟೂ ಆಗಲಿಲ್ಲ.)

ಕೆಲಸವೇನೋ ಸಣ್ಣದು. ನಾಲ್ಕನೇ ಸಲ ಚುನಾವಣೆಗೆ ನಿಲ್ಲಲಿರುವ ಭಾವ, ಕರಪತ್ರಕ್ಕೆ ಒಂದು ಪುಟದ ಪರಿಚಯ ಬೇಕು ಎಂದರು. "ನೀನು ಕಥೆ ಬರೆಯೋನಲ್ವಾ, ನಿಂಗೇನು ಕಷ್ಟ?" ಕಷ್ಟ ಅದೇ. ಕಥೆ ಬರೆಯುವವನ ಕೈಗೆ ಪರಿಚಯ ಕೊಟ್ಟರೆ ಅದು ಹಗ್ಗ ಬಿಚ್ಚಿದ ಕರುವಿನ ಹಾಗೆ ಓಡುತ್ತದೆ.

೧ (ಇನ್ನೊಮ್ಮೆ, ಗಂಭೀರವಾಗಿ)

ಕರಡು: "ಜನನಾಯಕ, ಸರಳ ಸಜ್ಜನ. ಮೂರು ಚುನಾವಣೆ, ಎರಡು ಗೆಲುವು."

ಭಾವ ಕನ್ನಡಕ ಹಣೆಗೇರಿಸಿ ಓದಿದರು. "ಜನನಾಯಕ ತೆಗಿ."

"ಸರಳ ಸಜ್ಜನ ಇರ್ಲಾ?"

"ನಿಮ್ಮಕ್ಕನ್ನ ಒಂದ್ಮಾತು ಕೇಳ್ಬಿಟ್ಟು ಬರಿ."

"ಎರಡು ಗೆಲುವು?"

ಭಾವ ಕಾಗದ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. "ಗೆದ್ದದ್ದು ನಿಜ. ಆದ್ರೆ ನಾನೇ ಗೆದ್ದದ್ದಾ ಅಂತ ಇವತ್ತಿಗೂ ಗೊತ್ತಿಲ್ಲ ಕಣೋ. ನನಗೇ ಅಂತ ಹಾಕಿ, ನನಗೇ ಬಿದ್ದ ವೋಟು ಒಂದಾದ್ರೂ ಇದೆಯಾ? ಅದನ್ನ ಹುಡುಕಿ ಬರಿ. ಮಿಕ್ಕಿದ್ದೆಲ್ಲ ಬಿಡು."

ಹೋಯಿತು ನನ್ನ ಕರಪತ್ರ.

೨

ಮೊದಲನೇ ಚುನಾವಣೆ. ವಕೀಲರು ಚಮಚದ ಗುರುತಿನ ಪಕ್ಷದ ಅಭ್ಯರ್ಥಿ, ಗೆಲುವು ಜೇಬಿನಲ್ಲೇ ಇತ್ತು. (ಚಮಚ ಎಂದಾಗ ನಕ್ಕವರು ಈಗಲೇ ನಕ್ಕು ಮುಗಿಸಿ, ಗುರುತು ಕೊನೆಯವರೆಗೂ ಇದೇ.) ಎದುರು ಪಕ್ಷದ ಕಾರ್ಯದರ್ಶಿ ಫೋಟೋ ತೆಗೆಸಲು ಭಾವನ ಸ್ಟುಡಿಯೋಗೆ ಬಂದರು. ಬಿಳಿ ಪರದೆ, ಒಂದು ಕಾಲು ಮೋಟಾದ ಸ್ಟೂಲು, ಕನ್ನಡಿ ಪಕ್ಕ ದಾರದಲ್ಲಿ ನೇತಾಡುವ ಬಾಚಣಿಗೆ. ಬಾಚಿಕೊಂಡು ಕೂತವರು ಥಟ್ಟನೆ ಕೇಳಿದರು:

"ಬೋರ್ಡ್ ಮೇಲಿರೋ ಹೆಸರು ನಿಮ್ದಾ?"

"ಹೌದು. ಸ್ವಲ್ಪ ಗಲ್ಲ ಮೇಲೆ."

"ಇನಿಷಿಯಲ್ಲೂ?"

"ಅದು ಅಪ್ಪಂದು. ಕಣ್ಣು ಮಿಟುಕಿಸ್ಬೇಡಿ."

ಕಾರ್ಯದರ್ಶಿ ಕಣ್ಣು ಮಿಟುಕಿಸಿದರು, ಫೋಟೋ ಹಾಳಾಯಿತು, ಭಾವನ ರಾಜಕೀಯ ಜೀವನ ಶುರುವಾಯಿತು. ವಕೀಲರ ಹೆಸರಿನವರೇ ಇನ್ನೊಬ್ಬರು ನಿಂತರೆ ಒಂದಿಷ್ಟು ವೋಟು ಅತ್ತಿತ್ತ ಆಗುತ್ತದೆ ಎಂಬುದು ಲೆಕ್ಕಾಚಾರ.

"ನಾನೇನು ಮಾಡ್ಬೇಕು?" ಎಂದು ಭಾವ ಕೇಳಿದರಂತೆ.

"ಏನೂ ಮಾಡ್ಬೇಡಿ. ಮಾಡಿದ್ರೆ ಕೆಡುತ್ತೆ."

ಭಾವ ಯಾಕೆ ಒಪ್ಪಿದರು? ಹುಟ್ಟಿದಾಗಿನಿಂದ ಇದ್ದ ಹೆಸರು ಒಬ್ಬರಿಗಾದರೂ ಉಪಯೋಗಕ್ಕೆ ಬರುತ್ತದೆ ಎಂದು ಖುಷಿಯಾಯಿತಂತೆ. ನನಗೆ ಈ ಕಾರಣ ಸಾಲದು ಅನ್ನಿಸಿ ಬಾಲ್ಯದ ಒಂದು ಅವಮಾನ ಸೇರಿಸಲು ಹೋದೆ. "ಸುಳ್ಳು ಸೇರಿಸ್ಬೇಡ, ನನ್ನ ಬಾಲ್ಯ ಚೆನ್ನಾಗಿತ್ತು," ಎಂದು ಭಾವ ಗದರಿದರು.

ಭಾವ ನಿಂತದ್ದು ಪಕ್ಷೇತರರಾಗಿ, ಗುರುತು ಇಸ್ತ್ರಿಪೆಟ್ಟಿಗೆ. ಹೆಸರೂ ಇನಿಷಿಯಲ್ಲೂ ಒಂದೇ ಆದ್ದರಿಂದ ಯಾರದು ಮೇಲೆ ಎಂದು ಚೀಟಿ ಎತ್ತಿದಾಗ ಮತಯಂತ್ರದಲ್ಲಿ ಭಾವನ ಹೆಸರು ಮೇಲೆ ಬಂತು, ವಕೀಲರದು ಕೆಳಗೆ. ಪಕ್ಕದ ಫೋಟೋ ನೋಡಿ ಗುರುತು ಹಿಡಿಯೋಣವೆಂದರೆ ಎರಡೂ ಭಾವನೇ ತೆಗೆದದ್ದು: ಅದೇ ಪರದೆ, ಅದೇ ಬಾಚಣಿಗೆ, ಅದೇ ಬೈತಲೆ. ಜನ ಹೆಸರು ಓದಿದರು, ಮೊದಲು ಕಂಡದ್ದನ್ನು ಒತ್ತಿದರು, ಮನೆಗೆ ಹೋದರು.

ಎಣಿಕೆಯ ದಿನ ಭಾವ ಒಂದು ಮಗುವಿನ ಮುಂದೆ ಗಿಲಕಿ ಆಡಿಸುತ್ತಿದ್ದರು. ಕಾರ್ಯದರ್ಶಿ ಬೆವರು ಸುರಿಸಿಕೊಂಡು ಓಡಿಬಂದರು. ಅವರ ಸ್ವಂತ ಅಭ್ಯರ್ಥಿ ಮೂರನೇ ಸ್ಥಾನಕ್ಕೆ ಕುಸಿದಿದ್ದ.

"ಒಂದು ಹಿಡಿ ಎತ್ಕೊಳ್ರೀ ಅಂದ್ರೆ ಗೋಡೌನೇ ಹೊತ್ಕೊಂಡ್ ಹೋದ್ರಲ್ರೀ."

"ಒಂದ್ನಿಮಿಷ ಇರಿ," ಎಂದರು ಭಾವ. "ಈಗ ನಗ್ತಾ ಇದೆ ಮಗು."

೩

ಈ ಭಾಗವನ್ನು ಅಕ್ಕ ತೆಗೆಸಿದ್ದಾಳೆ.

೪

ತಮಾಷೆಯೆಂದರೆ ಭಾವ ಒಳ್ಳೆಯ ಶಾಸಕರಾದರು. (ಕಥೆಗೆ ಇದರಿಂದ ನಷ್ಟ. ಭ್ರಷ್ಟ ಶಾಸಕ ಸಿಕ್ಕಿದ್ದರೆ ನಾನು ಇಷ್ಟು ಹೊತ್ತಿಗೆ ಪ್ರಶಸ್ತಿ ಹೊಡೆಯುತ್ತಿದ್ದೆ.) ಫೋಟೋದವರಿಗೆ ಬೆಳಕು ಎಲ್ಲಿಂದ ಬೀಳುತ್ತದೆ ಎಂಬುದೊಂದೇ ಚಿಂತೆ. ಬೀದಿ ಬೀದಿ ಸುತ್ತಿ ಎಲ್ಲಿ ಕತ್ತಲಿದೆ ನೋಡಿದರು. ಬಸ್ ನಿಲ್ದಾಣದ ಹಿಂದಿನ ಸಂದಿ, ಗಾರ್ಮೆಂಟ್ಸ್ ಹೆಂಗಸರು ಪಾಳಿ ಮುಗಿಸಿ ಬರುವ ರಸ್ತೆ, ಆಸ್ಪತ್ರೆಯ ಮೆಟ್ಟಿಲು, ಎಲ್ಲ ಕಡೆ ದೀಪ ಬಂತು. ಸದನದಲ್ಲಿ ಮಾತ್ರ ಒಮ್ಮೆ ಬಾಯಿ ತಪ್ಪಿ ಸಭಾಧ್ಯಕ್ಷರಿಗೇ "ಸ್ವಲ್ಪ ಗಲ್ಲ ಮೇಲೆ" ಎಂದುಬಿಟ್ಟರು.

ಎರಡನೇ ಚುನಾವಣೆಯಲ್ಲಿ ಜನ ಭಾವನನ್ನೇ ಗೆಲ್ಲಿಸಬೇಕೆಂದು ಹಟ ಹಿಡಿದು ಹೋದರು. ಆ ಸಲ ಚೀಟಿಯಲ್ಲಿ ವಕೀಲರ ಹೆಸರು ಮೇಲೆ ಬಂದಿತ್ತು. ಜನ ಮೊದಲು ಕಂಡದ್ದನ್ನು ಒತ್ತಿದರು, ಮನೆಗೆ ಹೋದರು. ವಕೀಲರು ಗೆದ್ದರು. ಎಣಿಕೆಯ ಮರುದಿನ ಎದುರಿನ ಕಟಿಂಗ್ ಶಾಪಿನವರು ಭಾವನಿಗೆ ಹಾರ ಹಿಡಿದು ಬಂದರು.

"ಕಂಗ್ರಾಜುಲೇಷನ್ಸ್ ಸಾರ್. ನಮ್ಮನೆಯವರೆಲ್ಲ ನಿಮಗೇ, ಚಮಚಕ್ಕೆ."

ಭಾವನ ಗುರುತು ಆಗಲೂ ಇಸ್ತ್ರಿಪೆಟ್ಟಿಗೆಯೇ. ತಂದ ಹಾರ ವಾಪಸು ಕಳಿಸುವುದು ಹೇಗೆಂದು ಹಾಕಿಸಿಕೊಂಡರಂತೆ.

ಮೂರನೆಯದು ನಾನು ಬರೆದರೆ ಅತಿಯಾಯಿತು ಎನ್ನುತ್ತೀರಿ. ವಕೀಲರಿಗೂ ಪಕ್ಷಕ್ಕೂ ಜಗಳವಾಯಿತು. ಪಕ್ಷದವರು ಹಟಕ್ಕೆ ಬಿದ್ದು ಚಮಚವನ್ನು ಭಾವನ ಕೈಗೆ ಕೊಟ್ಟರು. ವಕೀಲರು ಪಕ್ಷೇತರರಾಗಿ ನಿಂತರು. ಅವರಿಗೆ ಸಿಕ್ಕಿದ್ದು, ಹೌದು, ಇಸ್ತ್ರಿಪೆಟ್ಟಿಗೆ. ಭಾವ ಗೆದ್ದರು. ಹೆಸರಿಗೋ, ಚಮಚಕ್ಕೋ, ಬೀದಿದೀಪಕ್ಕೋ, ವಕೀಲರೆಂದುಕೊಂಡೋ, ದೇವರಿಗೇ ಗೊತ್ತು.

೫

ಈಗ ನಾಲ್ಕನೆಯದು. ವಕೀಲರು ನಿಲ್ಲುವುದಿಲ್ಲ ಎಂದುಬಿಟ್ಟಿದ್ದಾರೆ. ಮತಯಂತ್ರದಲ್ಲಿ ಆ ಹೆಸರು ಒಂದೇ ಇರುತ್ತದೆ. ಭಾವ ಕುಣಿದಾಡಬೇಕಿತ್ತು, ಊಟ ಬಿಟ್ಟರು. ನಾಮಪತ್ರಕ್ಕೆ ಇನ್ನೂ ಸಮಯವಿದ್ದಾಗ ನನ್ನನ್ನು ಎಳೆದುಕೊಂಡು ವಕೀಲರ ಆಫೀಸಿಗೆ ಹೋದರು. ಫೈಲುಗಳ ಹಿಂದಿನಿಂದ ವಕೀಲರ ತಲೆ ಮಾತ್ರ ಕಾಣುತ್ತಿತ್ತು.

"ಸಾರ್, ನೀವು ನಿಂತ್ಕೋಬೇಕು," ಎಂದರು ಭಾವ.

ವಕೀಲರು ಎದ್ದು ನಿಂತರು.

"ಅಯ್ಯೋ, ಕೂತ್ಕೊಳ್ಳಿ ಸಾರ್. ನಾನು ಹೇಳಿದ್ದು ಚುನಾವಣೆಗೆ."

ವಕೀಲರು ಕೂತರು. "ನನ್ನ ಡಮ್ಮಿಯಾಗಿ ಬಂದೋರು ನೀವು. ಈಗ ನನ್ನನ್ನೇ ಡಮ್ಮಿಯಾಗು ಅಂತೀರಾ?"

"ನೀವಿದ್ರೆ ಸೋತ್ರೂ ಗೆದ್ರೂ ಹೆಸರಿನ ಮೇಲೆ ಹಾಕ್ಬಹುದು. ಒಬ್ನೇ ನಿಂತು ಸೋತ್ರೆ, ಅದು ನಾನೇ ಸೋತ ಹಾಗಾಗುತ್ತೆ."

ವಕೀಲರು ಟೇಬಲ್ ಫ್ಯಾನು ಆರಿಸಿ, ಯಾರಾದರೂ ಕೇಳಿಸಿಕೊಂಡಾರು ಎನ್ನುವಂತೆ ತಗ್ಗಿದ ದನಿಯಲ್ಲಿ ಹೇಳಿದರು: "ನಂಗೂ ಅದೇ ಭಯ ಕಣ್ರೀ. ಅದಕ್ಕೇ ನಿಲ್ತಿಲ್ಲ."

೩ (ಕದ್ದು ಸೇರಿಸಿದ್ದು)

ಭಾವನಿಗೇ ಅಂತ ಬಿದ್ದ ವೋಟು ಹುಡುಕಲು ನಾನು ಮೊದಲು ಹೋದದ್ದು ಅಡುಗೆಮನೆಗೆ.

"ಮೊದಲನೇ ಸಲ ಯಾರಿಗೆ ಹಾಕ್ದೆ ಅಕ್ಕಾ?"

"ವಕೀಲರಿಗೆ. ಬೇಕಂತ್ಲೇ. ಇವರು ಗೆದ್ರೆ ಸ್ಟುಡಿಯೋ ಯಾರು ನೋಡ್ಕೊಳ್ಳೋದು?"

"ಎರಡನೇ ಸಲ?"

"ಇವರಿಗೇ ಅಂತ ಹೋದೆ. ಗಡಿಬಿಡೀಲಿ ಮೇಲಿಂದು ಒತ್ಬಿಟ್ಟೆ."

"ಮೂರನೇ ಸಲ?"

"ಜ್ವರ ಇತ್ತಲ್ಲೋ." ಸೌಟು ಎತ್ತಿ, "ಇದನ್ನ ಬರೆದ್ಯೋ, ನಿನ್ನ ಕೈ ಮುರೀತೀನಿ," ಎಂದಳು.

(ಬರೆದಿದ್ದೇನೆ. ಕೈ ಸದ್ಯಕ್ಕೆ ನೆಟ್ಟಗಿದೆ.)

೬

ಮುಕ್ತಾಯಗಳು. ಭಾವನನ್ನೂ ಅಕ್ಕನನ್ನೂ ಕೂರಿಸಿಕೊಂಡು ಒಂದೊಂದೇ ಓದಿದೆ.

ಅ) ಭಾವ ಭರ್ಜರಿಯಾಗಿ ಗೆಲ್ಲುತ್ತಾರೆ. "ಯಾರ್ಯಾರು ಹಾಕಿದ್ದು?" ಎಂದು ಭಾವ ಕೇಳಿದರು. ನನಗೆ ಗೊತ್ತಿರಲಿಲ್ಲ. ಹೊಡೆದುಹಾಕಿದೆ.

ಆ) ಸೋಲುತ್ತಾರೆ, ಬೀದಿದೀಪದ ಕೆಳಗೆ ಒಬ್ಬರೇ ನಡೆಯುತ್ತಾರೆ. "ಥೂ, ಅಳುಮುಂಜಿ," ಎಂದಳು ಅಕ್ಕ. ಹೊಡೆದುಹಾಕಿದೆ.

ಇ) ಕೊನೆ ಗಳಿಗೆಯಲ್ಲಿ ಅದೇ ಹೆಸರಿನ ಬಸ್ ಕಂಡಕ್ಟರ್ ಒಬ್ಬರು ನಾಮಪತ್ರ ಹಾಕುತ್ತಾರೆ. ಭಾವನ ಮುಖ ಅರಳಿದ್ದು ನೋಡಿ ನಾನೇ ಹೊಡೆದುಹಾಕಿದೆ.

ಈ ಗಲಾಟೆಯಲ್ಲಿ ಕದ್ದು ಸೇರಿಸಿದ ಹಾಳೆ ಭಾವನ ಕೈಗೆ ಸಿಕ್ಕಿತು. ಓದಿದರು. ಅಕ್ಕ ನನ್ನನ್ನು ಸುಡುವ ಹಾಗೆ ನೋಡಿದಳು. ನನಗೆ ನಿಜಕ್ಕೂ ಭಯವಾಯಿತು. ತಮಾಷೆಗೆ ಬರೆದದ್ದು ಮನೆಯೊಳಗೆ ಬಿದ್ದಾಗ ತಮಾಷೆಯಾಗಿ ಉಳಿಯಲಿಲ್ಲ.

"ಮೊದಲನೇ ಸಲ ನಾನೂ ವಕೀಲರಿಗೇ ಹಾಕಿದ್ದು," ಎಂದರು ಭಾವ. "ಒಳ್ಳೆ ಮನುಷ್ಯ."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಭಾವನೂ ನಕ್ಕರು, ಆದರೆ ಬೇಗ ಮುಗಿಸಿದರು. ಅವರಿಗೆ ನೋವಾಗಿತ್ತು.

"ಆಮೇಲಿನ ಎರಡು ಸಲ ನಂಗೇ ಹಾಕ್ಕೊಂಡೆ. ನಂಗೆ ನಾನೇ ಹಾಕ್ಕೊಂಡಿದ್ದು ಲೆಕ್ಕಕ್ಕಿಲ್ಲ. ಒಟ್ನಲ್ಲಿ ಮನೇಲೂ ಒಂದಿಲ್ಲ ಅಂತಾಯ್ತು."

ಅಕ್ಕ ನಗು ನಿಲ್ಲಿಸಿದಳು.

೭

ಮತದಾನದ ದಿನ ಶಾಲೆಯ ಮುಂದೆ ಸಾಲು. ಭಾವ ವೋಟು ಹಾಕಿ ಬಂದು ಬಾಗಿಲ ಹೊರಗೆ ನನ್ನ ಜೊತೆ ನಿಂತಿದ್ದರು. ಅಕ್ಕ ಒಳಗೆ ಹೋದಳು. ರಟ್ಟಿನ ಮರೆಯ ಹಿಂದೆ ಹೋದವಳು ಬರಲಿಲ್ಲ.

"ಒಂದು ಗುಂಡಿ ಒತ್ತೋಕೆ ಎಷ್ಟೊತ್ತಮ್ಮಾ," ಎಂದು ಸಾಲಿನಲ್ಲಿ ಯಾರೋ ಗೊಣಗಿದರು.

ಓದುಗರೇ, ನನ್ನ ಕಡೆ ನೋಡಬೇಡಿ. ಸಭಾಧ್ಯಕ್ಷರ ಗಲ್ಲದವರೆಗೂ ಹೋಗಿ ಬಂದ ಲೇಖಕ ನಾನು, ಆದರೆ ಆ ರಟ್ಟಿನ ಮರೆಯೊಳಗೆ ನನಗೂ ಪ್ರವೇಶವಿಲ್ಲ. ಅಕ್ಕ ಒಂದೊಂದೇ ಹೆಸರು ಓದುತ್ತಿದ್ದಾಳೋ, ಸ್ಟುಡಿಯೋ ನೆನೆಯುತ್ತಿದ್ದಾಳೋ, ನನಗೆ ತಿಳಿಯದು. ತಿಳಿದರೂ ಹೇಳುವ ಹಾಗಿಲ್ಲ. ಎಣಿಕೆಗೆ ಇನ್ನೂ ದಿನವಿದೆ, ಅಷ್ಟು ಹೊತ್ತು ನಾನು ಈ ಕಥೆಯನ್ನು ಹಿಡಿದು ನಿಲ್ಲಿಸಲಾರೆ.

ಬೀಪ್ ಎಂದು ಉದ್ದಕ್ಕೆ ಸದ್ದಾಯಿತು.

ಅಕ್ಕ ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು. ಭಾವ ಕೇಳಬಾರದೆಂದು ತುಟಿ ಕಚ್ಚಿ ನಿಂತಿದ್ದರು, ಆದರೂ ಕೇಳಿದರು.

"ಯಾರಿಗೆ?"

"ಅದನ್ನ ಹೇಳ್ಬಾರ್ದು ಕಣ್ರೀ, ಕಾನೂನು," ಎಂದು ಅಕ್ಕ ಅವರ ಅಂಗಿಯ ಕಾಲರು ನೆಟ್ಟಗೆ ಮಾಡಿದಳು.

ಭಾವ ನನ್ನ ಕಡೆ ತಿರುಗಿದರು.

"ಒಂದು ಅಂತ ಬರ್ಕೋ."