ಶನಿವಾರ ಭಾನುವಾರದ ಮಾತ್ರೆ

ಶನಿವಾರ ಬಂತೆಂದರೆ ಆ ಮನೆಯ ಅಡುಗೆಮನೆಗೆ ಗ್ರಹಚಾರ. ಸಲೂನು ನಡೆಸುವ ಸೊಸೆ ತೊನ್ನಿಗೆಂದು ವಾರಕ್ಕೆ ಎರಡು ದಿನ, ಶನಿವಾರ ಮತ್ತು ಭಾನುವಾರ, ಸ್ಟಿರಾಯ್ಡ್ ಮಾತ್ರೆ ನುಂಗುತ್ತಿದ್ದಳು. ನುಂಗಿದ ಮೇಲೆ ಹಸಿವೆಂದರೆ ಅದೆಂಥ ಹಸಿವು! ಡಬ್ಬಿಗಳೆಲ್ಲ ಮಧ್ಯಾಹ್ನದೊಳಗೆ ಖಾಲಿ. ಅವಳಿಗೆ ಜೊತೆಯಿರಲೆಂದು ಗಂಡನೂ ತಿನ್ನುತ್ತಿದ್ದ.

"ಮಾತ್ರೆ ಅವಳಿಗೆ, ಹೊಟ್ಟೆ ಇವನಿಗೆ!" ಎಂದು ಅತ್ತೆ ಹಣೆ ಚಚ್ಚಿಕೊಳ್ಳುತ್ತಿದ್ದರು.

ನಗುವೆಲ್ಲ ಮನೆಯಲ್ಲಷ್ಟೇ. ಸಲೂನಿನಲ್ಲಿ ಅವಳು ಜೀವ ಹಿಡಿ ಮಾಡಿಕೊಂಡಿರುತ್ತಿದ್ದಳು. ಬಿಳಿ ಮಚ್ಚೆ ಮಣಿಕಟ್ಟಿನಿಂದ ಬೆರಳಿಗಿಳಿದಿತ್ತು. ಇದು ಅಂಟುರೋಗವಲ್ಲ ಎಂದು ಎಷ್ಟು ಬಾಯಿ ಬಡಿದುಕೊಂಡರೂ ಕೇಳುವವರು ಯಾರು? ಹಳೇ ಗಿರಾಕಿಯೊಬ್ಬಳು, ಬೇರೆ ಯಾರಾದರೂ ಕತ್ತರಿ ಹಿಡಿಯಲಿ ಎಂದುಬಿಟ್ಟಳು ಪುಣ್ಯಾತ್ಗಿತ್ತಿ. ಅಂದಿನಿಂದ ಇವಳು ಗ್ಲೌಸು ಬಿಚ್ಚಿರಲಿಲ್ಲ.

"ಮೊದಲು ಹರಡೋದು ನಿಲ್ಲಲಿ, ಬಣ್ಣದ ಮಾತು ಆಮೇಲೆ. ನೀವಾಗೇ ಮಾತ್ರೆ ನಿಲ್ಲಿಸ್ಬೇಡಿ," ಎಂದಿದ್ದರು ಡಾಕ್ಟರಮ್ಮ. ಹರಡುವುದೇನೋ ನಿಂತಿತ್ತು. ಬಣ್ಣದ ಸುಳಿವೇ ಇರಲಿಲ್ಲ. ಕತ್ತರಿ ಕೆಳಗಿಟ್ಟು ಗಲ್ಲಾದ ಮುಂದೆ ಕೂರುವುದೇ ತನ್ನ ಹಣೆಬರಹ ಎಂದು ಅವಳು ಒಳಗೊಳಗೇ ಅಳುತ್ತಿದ್ದಳು.

ಸಲೂನಿಗೆ ರಜೆಯಿದ್ದ ದಿನ ಅತ್ತೆ ತಲೆಗೆ ಬಣ್ಣ ಹಚ್ಚಿಸಿಕೊಳ್ಳಲು ಬಂದು ಕುರ್ಚಿಯಲ್ಲಿ ಕೂತರು.

"ನನ್ನ ಹತ್ರ ಯಾಕೇ ಗ್ಲೌಸು? ಬಿಚ್ಚು."

ಬಿಚ್ಚಿದಳು. ಅರ್ಧ ತಲೆಗೆ ಹಚ್ಚಿಯಾಗುವಷ್ಟರಲ್ಲಿ ಅತ್ತೆ ಗಬಕ್ಕನೆ ಅವಳ ಕೈ ಹಿಡಿದರು.

"ನೋಡು, ಕೈಯೆಲ್ಲ ಸಿಡಿಸ್ಕೊಂಡಿದೀಯ! ಇದನ್ನೂ ನಾನೇ ತೊಳೀಬೇಕಾ?"

ಮಣಿಕಟ್ಟಿನ ಬಿಳಿಯ ನಡುವೆ ಸಾಸಿವೆಯಷ್ಟು ಸಣ್ಣ ಕಂದು ಚುಕ್ಕಿಗಳು. ಅತ್ತೆ ನಲ್ಲಿಯಡಿ ಹಿಡಿದು ಸೋಪು ಹಚ್ಚಿದರು. ಬೆರಳಿನ ಕಪ್ಪೆಲ್ಲ ಹೋಯಿತು, ಚುಕ್ಕಿಗಳು ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ.

"ಎಂಥ ದರಿದ್ರ ಬಣ್ಣ ತಂದಿದೀಯೇ!"

ಸೊಸೆ ಕಿಟಕಿಯ ಬೆಳಕಿಗೆ ಕೈಯೊಡ್ಡಿದಳು. ಒಂದೊಂದು ರೋಮದ ಬುಡದಲ್ಲೂ ಒಂದೊಂದು ಚುಕ್ಕಿ. ಬಣ್ಣ ಬಂದರೆ ಹೀಗೇ ಬರುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಉಜ್ಜಬೇಡಿ ಅತ್ತೆ. ಇದು ತಲೆಗೆ ಹಚ್ಚೋ ಬಣ್ಣ ಅಲ್ಲ, ನನ್ನದೇ ಬಣ್ಣ!"

ಅತ್ತೆಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ನೋಡಬೇಕಿತ್ತು! ಬೀದಿಯ ಕೊನೆಯ ಸೈಕಲ್ ಅಂಗಡಿಯಲ್ಲಿದ್ದ ಮಗನನ್ನು ಕೂಗುತ್ತ, ಅರ್ಧ ಕರಿ ಅರ್ಧ ಬಿಳಿ ತಲೆಯಲ್ಲೇ ಹೊರಗೋಡಿದರು. ಜನ ನಿಂತು ನಿಂತು ನೋಡಿದರು.

"ಅತ್ತೇ, ತಲೆ! ಇನ್ನೂ ಅರ್ಧ ಬಾಕಿ!" ಎಂದು ಸೊಸೆ ಬರಿಗೈ ಬೀಸುತ್ತ ಹಿಂದೆಯೇ ಓಡಿದಳು.

"ಇರ್ಲಿ ಬಿಡೇ, ನೋಡೋರು ನೋಡ್ಲಿ!"