ಭೂಮಿತಾಯಿಗೆ ಒಂದು ಬೊಟ್ಟು

"ಮುಟ್ಟಬೇಡ್ವೇ ಲಂಗದೋಳೇ! ಯಾವ ಚರಂಡಿ ಬಳ್ದ ಕೈಯೋ ಅದು!"

ಲ್ಯಾಪ್‌ಟಾಪ್ ಅಂಗಡಿಯ ರೆನಾತೊ ಹೀಗೆ ಕಿರುಚಿದ್ದೇ ತಡ, ಸಾತುರ್ನಿನಾ ಕೈಯನ್ನು ನೆರಿಗೆ ಲಂಗಕ್ಕೆ ಒರೆಸಿಕೊಂಡು ಹಿಂದೆ ಸರಿದಳು. ಲಾ ಪಾಸ್ ಪಟ್ಟಣದ ಆ ಬೀದಿಯನ್ನು ದಿನಾ ಗುಡಿಸುವವಳೇ ಅವಳು. ಬೈಗುಳ ಹೊಸದಲ್ಲ, ಮಗಳೆದುರು ಬೈಸಿಕೊಂಡದ್ದು ಮಾತ್ರ ಎದೆಗೆ ನಾಟಿತು.

ಮಗಳು ಡೆಲ್ಫಿನಾ ಇಂಜಿನಿಯರಿಂಗ್ ಓದುತ್ತಿದ್ದಳು. ಸೋಮವಾರ ಸೇತುವೆಯ ನಕ್ಷೆ ಒಪ್ಪಿಸದಿದ್ದರೆ ಆ ವರ್ಷವೇ ಹೋದಂತೆ. ಗೆಳತಿಯರ ಲ್ಯಾಪ್‌ಟಾಪ್ ಬೇಡಿ ಬೇಡಿ ಅವಳ ಮುಖ ಸಣ್ಣದಾಗಿತ್ತು.

ರೆನಾತೊ ಗುಲಾಬಿ ಬಣ್ಣದ ತೆಳ್ಳನೆಯದೊಂದನ್ನು ಮುಂದೆ ತಳ್ಳಿದ. "ತಗೋ, ನಿಮ್ಮಂಥೋರಿಗೆ ಇದೇ ಹೆಚ್ಚು."

"ಇದ್ರಲ್ಲಿ ನಕ್ಷೆ ಮ್ಯಾಕೇಳಕ್ಕಿಲ್ಲ ಸಾಮಿ. ಆ ದಪ್ಪಂದು ತೋರ್ಸಿ," ಎಂದಳು ಡೆಲ್ಫಿನಾ.

ದಪ್ಪನೆಯದು ಯಾರೋ ಬಳಸಿ ಬಿಟ್ಟದ್ದು, ಮೂಲೆ ಸವೆದಿತ್ತು, ಕಲ್ಲಿನಷ್ಟು ಭಾರ. ಆದರೆ ಅವರ ಕೈಗೆಟುಕುವ ಬೆಲೆಯಲ್ಲಿ ಆ ನಕ್ಷೆಯನ್ನು ತಡೆದುಕೊಳ್ಳುವಂಥದ್ದು ಅದೊಂದೇ. ಡೆಲ್ಫಿನಾ ಅದನ್ನೇ ಆರಿಸಿದಳು. "ಆರು ತಿಂಗಳೊಳಗೆ ಕೆಟ್ಟರೆ ಬದಲು ಕೊಡ್ತೀನಿ," ಎಂದ ರೆನಾತೊ.

ಸಂಜೆ ಗುಡ್ಡದ ಮೇಲಿನ ಎಲ್ ಆಲ್ತೊದ ಅವರ ಮನೆಗೆ ಲ್ಯಾಪ್‌ಟಾಪ್ ನೋಡಲು ನೆರೆಯವರೆಲ್ಲ ಬಂದರು. ಸಾತುರ್ನಿನಾ ನೆಲಕ್ಕೆ ಸಾರಾಯಿ ಚಿಮುಕಿಸಿದಳು. ಆಮೇಲೆ ಬೆರಳು ಅದ್ದಿ ಲ್ಯಾಪ್‌ಟಾಪಿನ ಮುಚ್ಚಳಕ್ಕೂ ಒಂದು ಬೊಟ್ಟಿಟ್ಟಳು.

"ಅವ್ವಾ, ಅದುಕ್ಕೆ ಬ್ಯಾಡ!"

"ಸುಮ್ಕಿರು. ಭೂಮ್ತಾಯಿಗೆ ಕೊಡ್ದೆ ತಂದದ್ದು ಮನೇಲಿ ನಿಂತದಾ?"

ತೆರೆಯ ಮೇಲೆ ಸೇತುವೆ ಎದ್ದು ತಿರುಗಿದಾಗ ಪಕ್ಕದ ಮನೆಯ ಮುದುಕಿ ಕಣ್ಣರಳಿಸಿದಳು. "ಇದ್ರ ಮ್ಯಾಲೆ ನನ್ ಕುರಿ ದಾಟ್ತವಾ?"

"ಮೊದ್ಲು ನಿನ್ನ ದಾಟುಸ್ತೀನಿ ಬಾರಜ್ಜೀ," ಅಂದಳು ಡೆಲ್ಫಿನಾ. ಆ ಮನೆಯಲ್ಲಿ ಅಷ್ಟು ನಗು ಕೇಳಿ ಬಹಳ ದಿನವಾಗಿತ್ತು.

ಶನಿವಾರ, ಇನ್ನೇನು ನಕ್ಷೆ ಮುಗಿಯಬೇಕು, ಲ್ಯಾಪ್‌ಟಾಪಿನ ಒಳಗಿಂದ ಸುಟ್ಟ ವಾಸನೆ ಬಂತು. ತೆರೆ ಕಪ್ಪಾಯಿತು. ತಾಯಿ ಮಗಳು ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡು ಗುಡ್ಡ ಇಳಿದರು.

ರೆನಾತೊ ಮುಚ್ಚಳವನ್ನು ಮೂಸಿ ನೋಡಿ, ಕೊಳ್ಳಲು ಬಂದವರ ಕಡೆ ತಿರುಗಿ ಗಹಗಹಿಸಿದ. "ಬನ್ರೀ, ನೀವೂ ಮೂಸಿ! ಲ್ಯಾಪ್‌ಟಾಪಿಗೂ ಕುಡಿಸಿದಾವೆ ಕುಡುಕ ಮುಂಡೇವು!"

"ಒಂದೇ ಬೊಟ್ಟು, ಅದೂ ಮ್ಯಾಲ್ಗಡೆ. ಬಿಚ್ ನೋಡಿ ಸಾಮಿ, ಒಳಗೆ ಪಸೆ ಇದ್ರೆ ಹೇಳಿ," ಎಂದಳು ಡೆಲ್ಫಿನಾ.

"ಬಿಚ್ಚೋದೂ ಇಲ್ಲ, ಬದಲು ಕೊಡೋದೂ ಇಲ್ಲ. ನಡೀರಿ."

ಅಷ್ಟು ಹೊತ್ತು ತಲೆ ತಗ್ಗಿಸಿದ್ದ ಸಾತುರ್ನಿನಾ ಬಾಯಿ ಬಿಟ್ಟಳು. "ಕಾರ್ನಿವಲ್ ಹಬ್ಬದ ಮಂಗಳವಾರ ಭೂಮ್ತಾಯಿಗೆ ಅಂತ ಈ ಹೊಸ್ಲಿಗೆ ಬೀರು ಸುರ್ದೋರು ಯಾರು ಸಾಮಿ? ಒಳಗಿನ ಸಾಮಾನಿಗೂ ಎರಚುದ್ರಲ್ಲ? ಮಾರ್ನೆ ದಿನ ಬಾಟ್ಲಿ ಬಾಚ್ದೋಳು ನಾನು. ನಿಮ್ದು ಯಾವ್ದು ಸತ್ತೋಯ್ತು?"

ಕೊಳ್ಳಲು ಬಂದವನೊಬ್ಬ ಕಿಸಕ್ಕನೆ ನಕ್ಕ. ರೆನಾತೊನ ಮುಖ ಕೆಂಪೇರಿತು.

"ನಮ್ಮದು ಪದ್ಧತಿ ಕಣೇ. ನಿಮ್ಮದು ಕುಡಿತ."

ಅವನು ಅಂಗಡಿ ಮುಚ್ಚುತ್ತೇನೆಂದು ಬಂದವರನ್ನೆಲ್ಲ ಹೊರಗೆ ಕಳಿಸಿ, ಇವರಿಬ್ಬರ ರಟ್ಟೆ ಹಿಡಿದು ಬಾಗಿಲಿಗೆ ದಬ್ಬಿದ. ಸಾತುರ್ನಿನಾ ಹೊಸಿಲ ಮೇಲೆಯೇ ಕುಸಿದು ಕೂತಳು. ಮಗಳು ಪಕ್ಕದಲ್ಲಿ ಕೂತಳು.

"ನಿಜ ಹೇಳು ಮಗಾ, ನಾನೇ ಕೊಂದ್ನಾ ಅದುನ್ನ?"

"ಇಲ್ಲ ಕಣವ್ವಾ. ಸಾಯೋದ್ನೇ ಮಾರವ್ನೆ ಬಡ್ಡೀಮಗ."

ತಾಯಿ ಅದನ್ನು ನಂಬಲಿಲ್ಲವೆಂದು ಡೆಲ್ಫಿನಾಳಿಗೆ ಗೊತ್ತಾಯಿತು. ನಕ್ಷೆ ಹೋದದ್ದಕ್ಕಿಂತ ಅದೇ ಅವಳನ್ನು ಹೆಚ್ಚು ನೋಯಿಸಿತು.

"ಏಳ್ರೇ, ಬಾಗಿಲು ಹಾಕ್ಬೇಕು!" ರೆನಾತೊ ಒಳಗಿನಿಂದ ಕಬ್ಬಿಣದ ಶಟರ್ ಎಳೆಯತೊಡಗಿದ.

ಡೆಲ್ಫಿನಾ ತೊಡೆಯ ಮೇಲಿದ್ದ ಲ್ಯಾಪ್‌ಟಾಪನ್ನು ಎತ್ತಿ ಶಟರಿನ ಕೆಳಗೆ ನೆಟ್ಟಗೆ ನಿಲ್ಲಿಸಿದಳು. "ಬಿಚ್ ನೋಡೋಗಂಟ ಬಾಗ್ಲು ಮುಚ್ಚಕ್ಕಿಲ್ಲ ಸಾಮಿ." ಕಬ್ಬಿಣ ಅದರ ಮೇಲೆ ಇಳಿಯಿತು. ಮೂಲೆ ಕಟಕ್ಕೆಂದಿತು.

"ಬ್ಯಾಡ ಮಗಾ," ಸಾತುರ್ನಿನಾ ಚೀರಿದಳು, "ಅದುಕ್ಕೆ ನೋವಾಯ್ತದೆ!"

ಡೆಲ್ಫಿನಾ ಕೈ ತೆಗೆಯಲಿಲ್ಲ.