ಮಧ್ಯಾಹ್ನದ ಕೆಂಪು ತೋಟೆಗಳು

ಬೆಳಿಗ್ಗೆ ತೊಳೆದ ಗುಂಡಿನ ತೋಟೆಗಳೆಲ್ಲ ಚಿನ್ನದ ಹಾಗೆ ಹಳದಿಯಾಗಿದ್ದವು. ಮಧ್ಯಾಹ್ನ ತೊಳೆದವು ಮಾತ್ರ ನಸುಗೆಂಪಾಗಿದ್ದವು. ಎರಡು ಬಗೆಯನ್ನೂ ಅಂಗೈ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಪ್ರಾರ್ಥನಾ ಬಹಳ ಹೊತ್ತು ನೋಡಿದಳು.

ಅಬುಧಾಬಿಯ ಊರಾಚೆ, ಮರಳುಗಾಡಿನ ಅಂಚಿನಲ್ಲಿದ್ದ ಶೂಟಿಂಗ್ ಕ್ಲಬ್ಬೊಂದರ ವರ್ಕ್‌ಶಾಪ್ ಅದು. ಶೂಟರ್‌ಗಳು ಹೊಡೆದು ಬಿಟ್ಟ ಖಾಲಿ ಹಿತ್ತಾಳೆ ತೋಟೆಗಳನ್ನು ಚೀಲಗಳಲ್ಲಿ ತಂದು ಅಲ್ಲಿ ಸುರಿಯುತ್ತಿದ್ದರು. ಮಸಿ ಹಿಡಿದು, ಮರಳು ಮೆತ್ತಿಕೊಂಡು, ಯಾವ ಬಣ್ಣವೆಂದೇ ತಿಳಿಯದಂತಿದ್ದ ಅವುಗಳನ್ನು ತೊಳೆದು, ಬೆಳಗಿ, ಒಣಗಿಸಿ ಕೊಟ್ಟರೆ, ಒಳಗಿನ ಬೀಗ ಹಾಕಿದ ಕೋಣೆಯಲ್ಲಿ ಪರವಾನಗಿ ಇದ್ದವರು ಮತ್ತೆ ಮದ್ದು ತುಂಬುತ್ತಿದ್ದರು. ಪ್ರಾರ್ಥನಾ ಸೇರಿದ್ದು ಕ್ಲಬ್ಬಿನ ಆಫೀಸಿಗೆ. ತೋಟೆ ಪರೀಕ್ಷಿಸುತ್ತಿದ್ದವಳು ಹೆರಿಗೆಗೆ ಊರಿಗೆ ಹೋದಾಗ, ಕಣ್ಣು ಚುರುಕಾಗಿದೆ ಎಂದು ಇವಳನ್ನು ಈ ಮೇಜಿಗೆ ಕೂರಿಸಿದ್ದರು. ನಂಜನಗೂಡಿನ ಕಡೆಯ ಹುಡುಗಿ, ಬಿ.ಎಸ್ಸಿ ಓದಿದವಳು, ಈಗ ಒಂಬತ್ತು ವರ್ಷದ ಮಗಳ ತಾಯಿ. ದೀಪದ ಕೆಳಗೆ ಭೂತಗನ್ನಡಿ ಹಿಡಿದು, ಬಿರುಕು ಬಿಟ್ಟವು, ಬಾಯಿ ಸೊಟ್ಟಗಾದವು, ಕಲೆ ಉಳಿದವು ಎಂದು ಬೇರ್ಪಡಿಸುವುದು ಅವಳಿಗೆ ಅಕ್ಕಿ ಆರಿಸಿದಷ್ಟೇ ಸಲೀಸಾಗಿತ್ತು.

ತೊಳೆಯುವ ಕೆಲಸ ಅಲಿಕುಂಞಿಯದು. ಉಳ್ಳಾಲದವನು, ಅರವತ್ತರ ಹತ್ತಿರದವನು, ಮುಸಫ್ಫದ ರೂಮೊಂದರಲ್ಲಿ ಇನ್ನೂ ಐದಾರು ಜನರ ಜೊತೆ ಇದ್ದವನು. ಒಂದು ತಿರುಗುವ ಡ್ರಮ್ಮು. ಅದರೊಳಗೆ ತೋಟೆ, ಕೂದಲಿನಷ್ಟು ಸಣ್ಣ ಸ್ಟೀಲಿನ ಕಡ್ಡಿಗಳು, ನೀರು, ಒಂದಿಷ್ಟು ಸೋಪು, ಒಂದು ಚಮಚ ನಿಂಬೆ ಉಪ್ಪು, ಎಂದರೆ ಸಿಟ್ರಿಕ್ ಆಸಿಡ್ ಪುಡಿ. ಎರಡು ಗಂಟೆ ಗಡಗಡ ತಿರುಗಿದರೆ ಮಸಿಯೆಲ್ಲ ಕಿತ್ತು ಬರುತ್ತಿತ್ತು. ಬೇಸಿಗೆ ಶುರುವಾಗುವ ತನಕ ಯಾವ ತಕರಾರೂ ಇರಲಿಲ್ಲ. ಮೇ ತಿಂಗಳಲ್ಲಿ ಈ ಕೆಂಪು ಕಾಣಿಸಿಕೊಂಡಿತು.

"ಕಾಕ, ಇಲ್ಲಿ ನೋಡಿ. ಇದ್ಯಾಕೆ ಹಿಂಗಾಗಿದೆ?"

ಅಲಿಕುಂಞಿ ಕನ್ನಡಕ ಏರಿಸಿ ನೋಡಿದ. "ಎಂತ ಇದು! ನಾಚಿಕೊಂಡ ಹಾಗೆ ಉಂಟಲ್ಲ, ಪ್ರಾರ್ಥನಕ್ಕ?" ಎಂದು ನಕ್ಕ. ಆಮೇಲೆ ಬಕೆಟ್ಟಿನಲ್ಲಿದ್ದ ಉಳಿದವನ್ನೂ ಕೈಯಾಡಿಸಿ ನೋಡಿದ. ನಗು ನಿಂತಿತು. ಮುಕ್ಕಾಲುಪಾಲು ಹಾಗೆಯೇ ಇದ್ದವು.

ವರ್ಕ್‌ಶಾಪಿನ ಜವಾಬ್ದಾರಿ ಶಾರನ್‌ದು. ಮಂಗಳೂರಿನವಳು, ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ಕೋವಿ ಹಿಡಿದವಳು, ಸ್ವತಃ ಒಳ್ಳೆಯ ಶೂಟರ್. ಅವಳು ಒಂದು ತೋಟೆಯನ್ನು ಎತ್ತಿ ಬೆಳಕಿಗೆ ಹಿಡಿದಳು.

"ಆಸಿಡ್ ಜಾಸ್ತಿಯಾಗಿದೆ. ಹಿತ್ತಾಳೆಯಲ್ಲಿರೋದು ತಾಮ್ರ, ಸತು ಎರಡೇ. ಹುಳಿ ಜಾಸ್ತಿಯಾದ್ರೆ ಮೇಲಿನ ಸತು ಹೊರಟು ಹೋಗ್ತದೆ, ತಾಮ್ರ ಉಳೀತದೆ. ಅದೇ ಈ ಕೆಂಪು. ಇಂಥದ್ದಕ್ಕೆ ಮದ್ದು ತುಂಬ್ಲಿಕ್ಕೆ ನಾನು ಕೊಡುವುದಿಲ್ಲ, ಹೊಡೆಯುವವರ ಮುಖದ ಹತ್ತಿರ ಸಿಡಿಯುವ ಸಾಮಾನು ಇದು." ಅವಳು ಅಲಿಕುಂಞಿಯ ಕಡೆ ತಿರುಗಿದಳು. "ಕಾಕ, ಬೆಳಿಗ್ಗೆ ಸರಿ ಮಾಡ್ತೀರಿ. ಮಧ್ಯಾಹ್ನ ಎಂತ ಆಗ್ತದೆ? ನಿದ್ದೆಗಣ್ಣಲ್ಲಿ ಎರಡು ಸಲ ಪುಡಿ ಹಾಕ್ತೀರಾ?"

"ಇಲ್ಲ ಮೇಡಂ. ಒಂದೇ ಚಮಚ. ಚಮಚದ ತಲೆ ಸವರಿ ಸಮ ಮಾಡಿ ಹಾಕುವುದು."

"ಮತ್ತೆ ಇದು ತಾನಾಗಿಯೇ ಆದದ್ದಾ?" ಶಾರನ್ ಕಟುಕಿಯಲ್ಲ, ಆದರೆ ಆ ವಾರ ಎಸೆದ ತೋಟೆಗಳ ಬುಟ್ಟಿ ತುಂಬಿ ತುಳುಕುತ್ತಿತ್ತು, ಮೇಲಿನವರು ಅವಳನ್ನೂ ಕೇಳುತ್ತಿದ್ದರು. "ಇನ್ನೊಂದು ವಾರ ನೋಡ್ತೇನೆ. ಇದೇ ರೀತಿ ಆದ್ರೆ ನೀವು ಹೊರಗೆ ರೇಂಜಿನಲ್ಲಿ ತೋಟೆ ಹೆಕ್ಕುವ ಕೆಲಸಕ್ಕೆ ಹೋಗ್ಬೇಕಾಗ್ತದೆ."

ಜೂನ್ ಹತ್ತಿರ ಬರುತ್ತಿದ್ದಾಗ ಹೊರಗಿನ ಕೆಲಸವೆಂದರೆ ಏನೆಂದು ಮೂವರಿಗೂ ಗೊತ್ತಿತ್ತು. ಅಲಿಕುಂಞಿ ಡ್ರಮ್ಮಿನ ಮುಚ್ಚಳ ಒರೆಸತೊಡಗಿದ.

ಅವನ ಮೇಲೆ ಪ್ರಾರ್ಥನಾಳಿಗೆ ಕನಿಕರ ಹುಟ್ಟಲಿಲ್ಲವೆಂದಲ್ಲ. ಆದರೆ ಅವಳನ್ನು ಕೊರೆದದ್ದು ಬೇರೆಯೇ. ಸುಸ್ತಾದ ಮನುಷ್ಯ ಒಂದು ದಿನ ತಪ್ಪು ಮಾಡಬಹುದು, ಎರಡು ದಿನ ಮಾಡಬಹುದು. ದಿನಾ ಮಧ್ಯಾಹ್ನ ಅದೇ ತಪ್ಪನ್ನು, ಅಷ್ಟೇ ಅಳತೆಯಲ್ಲಿ, ಹೇಗೆ ಮಾಡುತ್ತಾನೆ? ಚಿಕ್ಕಂದಿನಿಂದಲೂ ಅವಳದು ಅದೇ ಗುಣ. ಒಂದು ‘ಯಾಕೆ’ ತಲೆಗೆ ಹೊಕ್ಕರೆ ಊಟ ರುಚಿಸುತ್ತಿರಲಿಲ್ಲ.

ಮರುದಿನ ಊಟದ ಡಬ್ಬಿಯನ್ನು ಡ್ರಮ್ಮಿನ ಪಕ್ಕಕ್ಕೇ ತಂದುಕೊಂಡು ಕುಳಿತಳು.

"ಕಾವಲಿಗೆ ಕೂತದ್ದಾ?" ಎಂದ ಅಲಿಕುಂಞಿ. ದನಿಯಲ್ಲಿ ಸ್ವಲ್ಪ ನೋವಿತ್ತು.

"ಛೇ, ನಿಮ್ಮನ್ನ ಕಾಯಕ್ಕಲ್ಲ ಕಾಕ. ಅದನ್ನ ಕಾಯಕ್ಕೆ," ಎಂದು ಡ್ರಮ್ಮಿನ ಕಡೆ ಕೈ ತೋರಿಸಿದಳು.

ಅವನು ಚಮಚ ತುಂಬಿ, ಬೆರಳಿನಿಂದ ಅದರ ತಲೆ ಸವರಿ ಹಾಕಿದ. ಒಂದೇ. ಸೋಪೂ ಅಷ್ಟೇ. ಇಳಿಹೊತ್ತಿನ ಅಸರ್ ನಮಾಜಿಗೆ ಅವನು ಹೋದಾಗ ಡ್ರಮ್ಮು ಹೆಚ್ಚು ಹೊತ್ತು ತಿರುಗುತ್ತದೇನೋ ಎಂಬ ಗುಮಾನಿ ಅವಳಿಗಿತ್ತು. ಹಾಗೂ ಇರಲಿಲ್ಲ; ಹೊತ್ತು ಮುಗಿದ ಕೂಡಲೇ ಯಂತ್ರ ತಾನೇ ನಿಂತಿತು, ಅವನು ಅಷ್ಟರೊಳಗೆ ವಾಪಸ್ಸೂ ಬಂದಿದ್ದ. ಮುಚ್ಚಳ ತೆಗೆದು ಇಬ್ಬರೂ ಬಗ್ಗಿ ನೋಡಿದರು.

ಕೆಂಪು.

"ಯಾ ಅಲ್ಲಾಹ್," ಎಂದು ಅಲಿಕುಂಞಿ ಕುಕ್ಕರಗಾಲಲ್ಲಿ ಕುಳಿತುಬಿಟ್ಟ.

ಇನ್ನು ತೋಟೆಗಳೇ ಬೇರೆ ಇರಬಹುದೇ? ಬೆಳಿಗ್ಗೆ ಬರುವುದು ಪಿಸ್ತೂಲಿನವು, ಮಧ್ಯಾಹ್ನ ರೈಫಲಿನವು ಹೆಚ್ಚು. ಮಾರನೆಯ ದಿನ ಒಂದೇ ಚೀಲವನ್ನು ಎರಡು ಪಾಲು ಮಾಡಿಸಿದಳು. ಅರ್ಧ ಬೆಳಿಗ್ಗೆ ತಿರುಗಿತು, ಅರ್ಧ ಮಧ್ಯಾಹ್ನ. ಬೆಳಗಿನದು ಹಳದಿ. ಮಧ್ಯಾಹ್ನದ್ದು ಕೆಂಪು. ಒಂದೇ ಕಾರ್ಖಾನೆಯ ತೋಟೆ, ಒಂದೇ ಬಗೆಯ ಕೋವಿಯಿಂದ ಬಿದ್ದದ್ದು, ಒಂದೇ ಕೈಯಲ್ಲಿ ತೊಳೆದದ್ದು.

"ಜಿನ್ನು ಗಿನ್ನು ಉಂಟಾ ಎಂತ ಈ ಡ್ರಮ್ಮಿನಲ್ಲಿ?"

"ಜಿನ್ನಿಗೆ ಬೆಳಿಗ್ಗೆ ರಜಾನಾ ಕಾಕ?"

ಖಾಲಿ ತೋಟೆಯೊಂದನ್ನು ಮನೆಗೆ ಒಯ್ದು ನೋಡೋಣವೆಂದರೆ ಆಗದ ಮಾತು. ಗೇಟಿನಲ್ಲಿ ಚೀಲ ತಪಾಸಣೆ. ಒಂದು ಹಿತ್ತಾಳೆ ಚೂರು ಸಿಕ್ಕರೂ ಕೆಲಸವಷ್ಟೇ ಅಲ್ಲ, ದೇಶವೇ ಬಿಡಬೇಕಾದೀತು. ಹಾಗಾಗಿ ಆ ಸಂಜೆ ಮನೆಗೆ ಹೋಗುವಾಗ ದಾರಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕಾರು ನಿಲ್ಲಿಸಿ, ನಲ್ಲಿ ಪೈಪಿಗೆ ಹಾಕುವ ಹಿತ್ತಾಳೆಯ ತಿರುಪು ಜೋಡಣೆಗಳನ್ನು ಕೊಂಡಳು. "ಪಾನಿ ಲೀಕ್?" ಎಂದು ಅಂಗಡಿಯವನು ಕೇಳಿದ. ಏನು ಹೇಳುವುದೆಂದು ತೋಚದೆ ಹೌದೆಂದಳು.

ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಒಂದು ವಿಲ್ಲಾವನ್ನು ನಾಲ್ಕು ಮನೆಯಾಗಿ ಒಡೆದು ಬಾಡಿಗೆಗೆ ಕೊಟ್ಟಿದ್ದರು. ಮೇಲಿನ ಒಂದು ಇವರದು. ರಾತ್ರಿ ಅಡುಗೆಗೆ ಇಡುವ ಮೊದಲು ಕಟ್ಟೆಯ ಮೇಲೆ ಎರಡು ಬಟ್ಟಲು ಹೂಡಿದಳು. ಕುಡಿಯುವ ನೀರಿನ ಕ್ಯಾನಿನಿಂದ ಎರಡಕ್ಕೂ ನೀರು ಬಗ್ಗಿಸಿ, ಒಂದಕ್ಕೆ ಒಂದು ಚಮಚ ನಿಂಬೆ ಉಪ್ಪು, ಇನ್ನೊಂದಕ್ಕೆ ಎರಡು ಹಾಕಿ, ಒಂದೊಂದು ಹಿತ್ತಾಳೆ ತುಂಡು ಮುಳುಗಿಸಿದಳು.

ಗಂಡ ಆದರ್ಶ ಇಣುಕಿದ. "ಇವತ್ತೇನು, ನಲ್ಲಿ ಸಾರಾ?"

"ಸುಮ್ನಿರಿ. ಎರಡು ಚಮಚ ಹಾಕಿದ್ರೆ ಕೆಂಪಾಗತ್ತಾ ಅಂತ ನೋಡ್ತಿದೀನಿ."

"ಆದ್ರೆ?"

"ಆದ್ರೆ ಶಾರನ್ ಹೇಳಿದ್ದು ಸರಿ. ಕಾಕನೇ ತಪ್ಪು ಮಾಡ್ತಿರೋದು."

ಊಟವಾಗಿ ಪಾತ್ರೆ ತೊಳೆದ ಮೇಲೆ ತೆಗೆದು ನೋಡಿದರೆ ಎರಡೂ ಥಳಥಳ ಹಳದಿ. ಎರಡು ಪಟ್ಟು ಹುಳಿಗೂ ಹಿತ್ತಾಳೆ ಜಗ್ಗಿರಲಿಲ್ಲ. ಅವಳಿಗೆ ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ತಳಮಳ. ಪುಡಿಯಲ್ಲ, ಹೊತ್ತಲ್ಲ, ತೋಟೆಯಲ್ಲ, ಮನುಷ್ಯನೂ ಅಲ್ಲ. ಇನ್ನೇನು ಉಳಿಯಿತು?

ಶನಿವಾರ ರಜೆ. ಮಗಳು ಇಂಚರಾಗೆ ಸ್ಕೂಲಿನಲ್ಲಿ ಏನೋ ಸೈನ್ಸ್ ಪ್ರಾಜೆಕ್ಟ್ ಇತ್ತು. ಅಮ್ಮನ ಬಟ್ಟಲುಗಳ ಕತೆ ಕೇಳಿ ತಾನೂ ನೋಡಬೇಕೆಂದು ಹಟ ಹಿಡಿದಳು. ಮಧ್ಯಾಹ್ನ ಕ್ಯಾನಿನಲ್ಲಿ ನೀರು ತಳ ಕಂಡಿತ್ತು. ಪ್ರಾರ್ಥನಾ ಬಟ್ಟಲನ್ನು ಸಿಂಕಿನ ನಲ್ಲಿಗೆ ಒಡ್ಡಿದಳು.

"ಅಮ್ಮಾ, ನಾಟ್ ದಟ್ ಒನ್! ದಟ್ಸ್ ಬರ್ನಿಂಗ್! ರೆಡ್ ಟ್ಯಾಪ್ ಯೂಸ್ ಮಾಡು ಅಂತ ನೀನೇ ಹೇಳಿದ್ದಲ್ವಾ?"

ಅಷ್ಟರಲ್ಲಿ ಬೆರಳಿಗೆ ಚುರುಕ್ಕೆಂದಿತ್ತು. ಬೇಸಿಗೆಯಲ್ಲಿ ಆ ಊರಿನ ಎಲ್ಲ ಮನೆಗಳ ಸಂಪ್ರದಾಯ ಅದು. ತಾರಸಿಯ ಟ್ಯಾಂಕು ಬಿಸಿಲಿಗೆ ಕಾದು ತಣ್ಣೀರ ನಲ್ಲಿಯಲ್ಲಿ ಕುದಿಯುವಂಥ ನೀರು ಬರುತ್ತದೆ. ಆರಿಸಿಟ್ಟ ಗೀಸರಿನೊಳಗೆ, ಮನೆಯ ನೆರಳಲ್ಲಿ ನಿಂತ ನೀರೇ ತಂಪು. ಹಾಗಾಗಿ ಕೆಂಪು ಗುರುತಿನ ನಲ್ಲಿಯೇ ತಣ್ಣೀರಿನ ನಲ್ಲಿ.

ಪ್ರಾರ್ಥನಾ ಬಟ್ಟಲು ಹಿಡಿದು ನಿಂತಳು. ಹಬೆಯಾಡುತ್ತಿದ್ದ ನೀರನ್ನು ಚೆಲ್ಲಲಿಲ್ಲ.

"ಅಮ್ಮ? ವಾಟ್ ಹ್ಯಾಪನ್ಡ್?"

"ಇರು, ಪುಟ್ಟ. ಇದಕ್ಕೂ ಒಂದು ಚಮಚ ಹಾಕು. ಒಂದೇ. ಇನ್ನೊಂದು ಬಟ್ಟಲಿಗೆ ಕೆಂಪು ನಲ್ಲಿಯಿಂದ ಹಿಡಿ."

ಎರಡರಲ್ಲೂ ಒಂದೊಂದು ಹೊಸ ಹಿತ್ತಾಳೆ ತುಂಡು ಮುಳುಗಿಸಿ, ಒಂದು ಗಂಟೆ ಇಬ್ಬರೂ ಅಡುಗೆಮನೆ ಬಿಟ್ಟು ಕದಲಲಿಲ್ಲ. ಬಿಸಿ ಬಟ್ಟಲಿನ ನೀರು ಆರುತ್ತ ಬಂದಾಗಲೆಲ್ಲ ಪ್ರಾರ್ಥನಾ ಅದನ್ನು ಒಲೆಯ ಮೇಲೆ ಚೂರು ಬೆಚ್ಚಗೆ ಮಾಡಿದಳು. ಕಡೆಗೆ ತುಂಡುಗಳನ್ನು ತೆಗೆದು ಬಿಳಿ ಕಾಗದದ ಮೇಲಿಟ್ಟರು. ಒಂದು ಹಳದಿ. ಬಿಸಿ ನೀರಿನದು ಇಂಚರಾಳ ಹೇರ್‌ಬ್ಯಾಂಡಿನಷ್ಟು ಕೆಂಪಿಲ್ಲದಿದ್ದರೂ, ಹಳದಿಯಂತೂ ಆಗಿರಲಿಲ್ಲ.

"ಇಟ್ಸ್ ಪಿಂಕ್!" ಎಂದು ಹುಡುಗಿ ಕುಣಿದಳು. ತಾಯಿ ಕುಣಿಯಲಿಲ್ಲವಷ್ಟೆ.

ಸೋಮವಾರ ಹೋದವಳೇ ಮೊದಲು ಹೇಳಿದ್ದು ಅಲಿಕುಂಞಿಗೆ. ಅವನು ಪೂರ್ತಿ ಕೇಳಿಸಿಕೊಂಡು, ಗೋಡೆಯ ಮೂಲೆಯಲ್ಲಿದ್ದ ನೀಲಿ ಬಕೆಟ್ಟನ್ನು ದಿಟ್ಟಿಸಿದ. ನಂತರ ಹಣೆ ಚಚ್ಚಿಕೊಂಡ.

"ಆ ಬಕೆಟ್ ಯಾಕೆ ಇಟ್ಟದ್ದು ಗೊತ್ತುಂಟಾ? ಮಧ್ಯಾಹ್ನ ಈ ಟ್ಯಾಪಿನ ನೀರಲ್ಲಿ ನಮಾಜಿಗೆ ಮುಂಚೆ ಮುಖ ಕೈಕಾಲು ತೊಳೆದು ವುಳು ಮಾಡ್ಲಿಕ್ಕೆ ಆಗುವುದಿಲ್ಲ, ಚರ್ಮ ಬೇಯ್ತದೆ. ಅದಕ್ಕೇ ಬೆಳಿಗ್ಗೆ ಬಂದ ಕೂಡಲೇ ನನಗೆ ಅಂತ ಹಿಡಿದಿಡುವುದು. ಡ್ರಮ್ಮಿಗೆ ಮಾತ್ರ ದಿನಾ ಅದೇ ಟ್ಯಾಪಿನಿಂದ ಪೈಪು ಬಿಟ್ಟಿದ್ದೇನೆ ಮಾರಾಯ್ತಿ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಜೋರಾಗಿ ನಕ್ಕುಬಿಟ್ಟರು. ಸದ್ದು ಕೇಳಿ ಶಾರನ್ ಹೊರಗೆ ಬಂದಳು.

ಅವಳು ಒಮ್ಮೆಗೇ ಒಪ್ಪಲಿಲ್ಲ. "ಅಡುಗೆಮನೆಯಲ್ಲಿ ಮಾಡಿದ್ದು ಬೇರೆ, ಇದು ಬೇರೆ. ನನ್ನೆದುರು ಆಗ್ಲಿ," ಎಂದಳು. ಮಧ್ಯಾಹ್ನ ಅವಳ ಎದುರೇ ಚೀಲ ಬಿಚ್ಚಿದರು. ಮೊದಲ ಸುತ್ತಿಗೆ ನಲ್ಲಿಯ ನೀರು. ಎಷ್ಟು ಬಿಸಿ ನೋಡೋಣವೆಂದು ಶಾರನ್ ಬೆರಳು ಅದ್ದಿದಳು, ಅದ್ದಿದಷ್ಟೇ ಬೇಗ ಹಿಂದಕ್ಕೆಳೆದು ಬಾಯಿಗಿಟ್ಟುಕೊಂಡಳು. ಎರಡನೇ ಸುತ್ತಿಗೆ ಅಲಿಕುಂಞಿಯ ಬಕೆಟ್ಟಿನ ನೀರು. ಪುಡಿಯನ್ನು ಎರಡು ಸಲವೂ ಅವಳೇ ಅಳೆದು ಹಾಕಿದಳು.

ಮೊದಲ ಸುತ್ತು ಕೆಂಪಾಯಿತು. ಎರಡನೆಯದು ತೆರೆಯುವಾಗ ಅಲಿಕುಂಞಿ ಕಣ್ಣು ಮುಚ್ಚಿಕೊಂಡು ಏನೋ ಪಿಟಿಪಿಟಿ ಹೇಳುತ್ತಿದ್ದ. ಮುಚ್ಚಳ ಬಿಚ್ಚಿ, ಶಾರನ್ ಒಂದು ಹಿಡಿ ತೋಟೆಗಳನ್ನು ಎತ್ತಿ ಜರಡಿಗೆ ಸುರಿದಳು. ಹೊಳೆಯುವ ಹಳದಿ, ಕಲೆಯೂ ಇರಲಿಲ್ಲ.

ಅವಳು ಜರಡಿ ಅಲ್ಲಾಡಿಸಿ ಇನ್ನೊಮ್ಮೆ ನೋಡಿದಳು. ಬಳಿಕ ತುಳುವಿನಲ್ಲಿ, "ಎನ್ನ ತಪ್ಪು, ಕಾಕ," ಎಂದಳು.

ಅಲಿಕುಂಞಿ ಖಾಲಿ ಬಕೆಟ್ಟು ಎತ್ತಿಕೊಂಡು ಮೂಲೆಗೆ ಹೋದ. ಅವನಿಗೆ ಬೇಸರ ಪೂರ್ತಿ ಇಳಿದಿರಲಿಲ್ಲವೆಂದು ಪ್ರಾರ್ಥನಾಳಿಗೆ ಗೊತ್ತಾಯಿತು. ಅಲ್ಲಿಂದ ಒಂದು ವಾರ ಅವನು ಚಹಾಕ್ಕೂ ಅವರ ಜೊತೆ ಕೂರಲಿಲ್ಲ. ಎಸಿ ಇದ್ದ ಒಳಕೋಣೆಯಲ್ಲಿ ಶಾರನ್ ಡ್ರಮ್ಮಿನ ನೀರಿಗೆಂದು ದೊಡ್ಡ ಪೀಪಾಯಿ ಇಡಿಸಿದಳು, ನೀರಿನ ಬಿಸಿ ಅಳೆಯಲು ಥರ್ಮಾಮೀಟರ್ ತಂದಳು. ಅದನ್ನು ನೋಡುವ ಅಧಿಕಾರ ನಿಮಗೇ ಎಂದು ಅವನ ಕೈಗೆ ಕೊಟ್ಟಳು. ಅವನು ತೆಗೆದುಕೊಂಡ. ಹೊರಗಿನ ಕೆಲಸದ ಮಾತು ಮತ್ತೆ ಯಾರೂ ಎತ್ತಲಿಲ್ಲ.

ವಾರ ಕಳೆದ ಮೇಲೆ ಮೊದಲು ಬಾಯಿ ಬಿಟ್ಟದ್ದು ಅವನೇ. ಎಸೆಯಲಿಟ್ಟಿದ್ದ ಬುಟ್ಟಿಯಿಂದ ಒಂದು ಕೆಂಪು ತೋಟೆ ತೆಗೆದು ಬಂದು ಪ್ರಾರ್ಥನಾಳ ಮೇಜಿನ ಮೇಲಿಟ್ಟ.

"ಅಲ್ಲ ಪ್ರಾರ್ಥನಕ್ಕ, ಈ ಕೆಂಪು ಒಳಗಿನವರೆಗೂ ಉಂಟಾ? ಇಲ್ಲ ಮೇಲೆ ಮಾತ್ರವಾ?"

ಪ್ರಾರ್ಥನಾ ಭೂತಗನ್ನಡಿ ಕೆಳಗಿಟ್ಟಳು. ಇಷ್ಟು ದಿನವಾದರೂ ಅದು ತನಗೆ ಹೊಳೆದಿರಲಿಲ್ಲವಲ್ಲ! "ಕುಯ್ದು ನೋಡೋಣ್ವಾ?" ಎಂದಳು.

ಶಾರನ್ ಸಣ್ಣ ಗರಗಸ ತಂದಳು. ತೋಟೆಯನ್ನು ಮೇಜಿನ ವೈಸಿಗೆ ಸಿಕ್ಕಿಸಿ ಉದ್ದಕ್ಕೆ ಸೀಳಿದಾಗ ಹೋಳು ಟಿಣ್ಣೆಂದು ಮೇಜಿನ ಮೇಲೆ ಬಿತ್ತು. ಮೂರು ತಲೆಗಳು ದೀಪದ ಕೆಳಗೆ ಒತ್ತೊತ್ತಾಗಿ ಬಂದವು. ಸೀಳಿದ ಅಂಚಿನಲ್ಲಿ ಹಳದಿ ಇತ್ತು, ಮೇಲ್ಮೈಯಲ್ಲಿ ಮಾತ್ರ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಒಂದು ಕೆಂಪು ಗೆರೆ. ಆದರೆ ಒಳಗೋಡೆಯ ಕೆಳಗೆ, ದಪ್ಪ ತಳ ಶುರುವಾಗುವ ಕಡೆ, ಉಗುರಿನಿಂದ ಗೀರಿದಂಥ ಸಣ್ಣ ಕಪ್ಪು ಗುರುತೊಂದು ಸುತ್ತ ಓಡಿತ್ತು.

"ಇದೆಂತ?" ಎಂದ ಅಲಿಕುಂಞಿ.

"ಇದು ಹುಳಿಯಿಂದ ಆದದ್ದಲ್ಲ," ಎಂದಳು ಶಾರನ್ ನಿಧಾನವಾಗಿ. "ಹಲವು ಸಲ ಹೊಡೆದು ಹೊಡೆದು ಹಿಗ್ಗಿದ ಗುರುತಿರಬೇಕು, ಮುಂದೆ ಒಡೆಯುವುದು ಇಲ್ಲಿಂದಲೇ. ಹೊರಗಿನಿಂದ ಕಾಣುವುದೇ ಇಲ್ಲ ನೋಡಿ."

"ಹಾಗಾದ್ರೆ ಹಳದಿ ಇರೋದ್ರಲ್ಲೂ ಇರಬಹುದಾ?" ಪ್ರಾರ್ಥನಾ ಆಗಲೇ ಒಳ್ಳೆಯ ತೋಟೆಗಳ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಿದ್ದಳು. ಶಾರನ್ ಗರಗಸವನ್ನು ಮತ್ತೆ ಕೈಗೆತ್ತಿಕೊಂಡಳು. ಅಲಿಕುಂಞಿ ತಟ್ಟೆಯಲ್ಲಿ ಬೆರಳಾಡಿಸಿ, ಎಲ್ಲಕ್ಕಿಂತ ಹೊಳೆಯುತ್ತಿದ್ದ ಒಂದನ್ನು ಆರಿಸಿ ಗರಗಸದ ಬಾಯಿಗೆ ಕೊಟ್ಟ.